ಆಸ್ಟ್ರೇಲಿಯಾಕ್ಕೆ ವೀಳ್ಯ ಕಳಿಸಿದ ಮೇಷ್ಟ್ರು

ಕನ್ನಡದಲ್ಲಿ ಕಲಾಚರಿತ್ರೆಯ ವಿದ್ವಾಂಸರೆಂದರೆ ಸಾಮಾನ್ಯವಾಗಿ ಕಣ್ಣ ಮುಂದೆ ಬರುವವರು ಹೊಯ್ಸಳ ದೇಗುಲಗಳ ಚಾವಣಿಯ ಭುವನೇಶ್ವರಿಗಳನ್ನು ನೋಡಿ ನೋಡಿ ಕುತ್ತಿಗೆ ನೋಯಿಸಿಕೊಂಡವರು, ಇಲ್ಲವೇ ಮೈಸೂರು ಶೈಲಿಯ ಚಿತ್ರಗಳ ಚಿನ್ನದ ರೇಕನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿದವರು. ಈ ಎರಡು ಸಾಲಿನಲ್ಲಿಯೂ ನಿಲ್ಲದೆ, ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿ ಹುಟ್ಟಿ, ಮಳವಳ್ಳಿಯಲ್ಲಿ ಪಾಠ ಹೇಳಲಾರಂಭಿಸಿ, ಮಂಡ್ಯದ ನಮ್ಮ ಚಿತ್ರಕಲಾ ಕಾಲೇಜಿನಲ್ಲಿ ಸೇವೆ ಮುಗಿಸಿ, ಈ ನಡುವೆ ಆಸ್ಟ್ರೇಲಿಯಾ ಖಂಡದ ಕಲೆಯ ಚರಿತ್ರೆಯನ್ನು ಕನ್ನಡಕ್ಕೆ ತಂದವರು ನಮ್ಮ ಗುರುಗಳಾದ ಡಾ. ಕೆಂಪರಾಜು ಅವರು. ಆ ಖಂಡದ ಮೇಲೆ ಅವರು ಒಮ್ಮೆಯೂ ಕಾಲಿಟ್ಟಿಲ್ಲವೆಂಬುದನ್ನು ಕೆಲವರು ದೊಡ್ಡ ಕೊರತೆಯೆಂಬಂತೆ ಆಡಿಕೊಳ್ಳುವುದುಂಟು. ಅವರು ಕಳಿಸಿದ ವೀಳ್ಯದೆಲೆಯನ್ನೂ ಅಲ್ಲಿ ಕಾಲಿಡಲು ಬಿಡಲಿಲ್ಲವೆಂಬ ಸಂಗತಿ ಆ ಕೆಲವರಿಗೆ ತಿಳಿಯದು. ತಿಳಿದಿದ್ದರೆ ಇನ್ನಷ್ಟು ಆಡಿಕೊಳ್ಳುತ್ತಿದ್ದರು. ಅವರ ಶಿಷ್ಯೆಯಾಗಿಯೂ ಆಮೇಲೆ ಸಹೋದ್ಯೋಗಿಯಾಗಿಯೂ ಹತ್ತಿರದಿಂದ ಕಂಡ ನಾನು ಅದನ್ನೇ ಅವರ ಈ ಅಭಿನಂದನ ಗ್ರಂಥದಲ್ಲಿ ಹೇಳಹೊರಟಿದ್ದೇನೆ.

ಸರ್ ಅವರ ತಂದೆ ಕೆಂಪಸಿದ್ದಯ್ಯನವರದು ಕಬ್ಬಿನ ಬೇಸಾಯ. ಒಂದು ವರ್ಷ ಗದ್ದೆಗೆ ಕೆಂಪು ಕೊಳೆ ರೋಗ ಬಿತ್ತು. ಆಗಷ್ಟೇ ಕಾಲೇಜು ಮೆಟ್ಟಿಲು ಹತ್ತಿದ್ದ ಮಗನನ್ನು, ಓದಿದವನಿಗೆ ಅಷ್ಟೂ ಗೊತ್ತಾಗಬೇಡವೇ ಎಂದು, ಮದ್ದು ಹುಡುಕಲು ಮಂಡ್ಯದ ಒಂದು ಹಳೆಯ ಗ್ರಂಥಾಲಯಕ್ಕೆ ಅಟ್ಟಿದರು. ಅಲ್ಲಿನ ಕೃಷಿ ವಿಭಾಗದಲ್ಲಿ, ಕಬ್ಬಿನ ತಳಿಗಳ ಮೇಲಿನ ವರದಿಗಳ ನಡುವೆ, ಆಸ್ಟ್ರೇಲಿಯಾದ ಚಿತ್ರಕಲೆಯ ಇತಿಹಾಸದ ದಪ್ಪ ಇಂಗ್ಲಿಷ್ ಪುಸ್ತಕವೊಂದು ನಿಂತಿತ್ತು. ಯಾವುದೋ ಕಾಲದಲ್ಲಿ ಆಸ್ಟ್ರೇಲಿಯಾದಿಂದ ಕಬ್ಬಿನ ಪುಸ್ತಕಗಳ ಪೆಟ್ಟಿಗೆಯೊಂದು ಬಂದಿತ್ತಂತೆ. ಅದರೊಳಗೆ ಹೇಗೋ ಸೇರಿದ್ದ ಇದನ್ನೂ ನಮ್ಮವರು ಕಬ್ಬಿನ ಸಾಲಿಗೇ ಹಾಕಿಬಿಟ್ಟಿದ್ದರು. ಮಂಡ್ಯದ ಮಟ್ಟಿಗೆ ದೂರದ ದೇಶದಿಂದ ಬರಬಹುದಾದ ಜ್ಞಾನವೆಂದರೆ ಕಬ್ಬಿನದು ಮಾತ್ರ ಎಂಬ ನಂಬಿಕೆ ಇಂದಿಗೂ ಪೂರ್ತಿ ಹೋಗಿಲ್ಲ.

ಆ ಪುಸ್ತಕದ ಪ್ರಕಾರ ಚರಿತ್ರೆ ಶುರುವಾಗುವುದು ಬಿಳಿಯರ ಹಡಗು ದಡ ಮುಟ್ಟಿದ ದಿನದಿಂದ. ಹಡಗಿನಿಂದಿಳಿದ ಚಿತ್ರಕಾರರು ಅಲ್ಲಿನ ನೀಲಗಿರಿ ಮರಗಳನ್ನು ಇಂಗ್ಲೆಂಡಿನ ಓಕ್ ಮರಗಳಂತೆ ಬರೆದದ್ದು, ಅವರ ಮೊಮ್ಮಕ್ಕಳ ಕಾಲದವರು ಬಿಸಿಲಿಗೆ ಬಂದು ಕೂತು ಮರವನ್ನು ಮರದಂತೆ ಬರೆಯಲು ಕಲಿತದ್ದು, ಎಲ್ಲವೂ ಹೆಸರು ಇಸವಿಗಳ ಸಮೇತ ಇತ್ತು. ಕಡೆಯ ಪುಟದಲ್ಲಿ ಮಾತ್ರ ಮರದ ತೊಗಟೆಯ ಮೇಲೆ ಬರೆದ ಒಂದು ಮೀನಿನ ಚಿತ್ರ. ಮೀನಿನ ಒಳಗಿನ ಮುಳ್ಳುಗಳೂ ಕಾಣುವಂತೆ ಬರೆದಿದ್ದ ಆ ಚಿತ್ರದ ಕೆಳಗೆ ಒಂದೇ ಪದ: ಅನಾಮಿಕ. ಉಳಿದ ಪ್ರತಿಯೊಬ್ಬರಿಗೂ ಹೆಸರಿದ್ದು ಇದೊಂದಕ್ಕೆ ಇಲ್ಲದ್ದು ಹುಡುಗ ಕೆಂಪರಾಜುವಿಗೆ ಸಿಟ್ಟು ತರಿಸಿತು. "ಇಷ್ಟ್ ನಾಜೂಕಾಗಿ ಬರ್ದೋನ್ಗೆ ಅವರಪ್ಪ ಅವ್ವ ಹೆಸ್ರು ಇಕ್ದೆ ಬುಟ್ಟಿದ್ರಾ?" ಎಂದು ಸರ್ ಇಂದಿಗೂ ಕೇಳುತ್ತಾರೆ. ಕಬ್ಬಿನ ರೋಗಕ್ಕೆ ಮದ್ದು ಸಿಗಲಿಲ್ಲ. ಆ ವರ್ಷ ಕೆಂಪಸಿದ್ದಯ್ಯನವರು ಭತ್ತ ಹಾಕಿದರು, ಮಗ ಕಲಾಚರಿತ್ರೆ ಓದಲು ಮೈಸೂರಿಗೆ ಹೋದರು.

ಅವರ ಪಿಎಚ್.ಡಿ. ವಿಷಯ ನಮ್ಮ ಕಡೆಯ ಸೋಮನ ಕುಣಿತದ ಮುಖವಾಡಗಳು. ಗ್ರಾಮದೇವತೆಯ ಮುಂದೆ ಕುಣಿಯುವ ಆ ಮರದ ಮುಖಗಳನ್ನು ಹೊರುವ ಹಕ್ಕು ಒಂದು ಮನೆಯವರಿಗಿದ್ದರೆ, ಬಣ್ಣ ತುಂಬುವ ಹಕ್ಕು ಇನ್ನೊಂದು ಮನೆಯವರದು. ಕೊಪ್ಪದ ಆಚೆಯ ಹಳ್ಳಿಯೊಂದರಲ್ಲಿ ಬಣ್ಣದ ಮನೆಯ ಯಜಮಾನರಾದ ಮಹದೇವು ಅವರ ಬಳಿಗೆ ಸರ್ ಕ್ಯಾಮೆರಾ ನೇತುಹಾಕಿಕೊಂಡು, ವಿಶ್ವವಿದ್ಯಾಲಯದ ಪತ್ರ ಹಿಡಿದು ಹೋದರು. ಮಹದೇವು ಪತ್ರವನ್ನು ಮುಟ್ಟಲಿಲ್ಲ. "ಇದ್ನ ನಿಮ್ಮ ಕಾಲೇಜ್ನಾಗೆ ಮಡೀಕಳಪ್ಪ" ಎಂದು ಬಾಗಿಲು ಹಾಕಿಕೊಂಡರು. ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದ ಮಗನನ್ನು ತಾಯಿ ಮರಿತಾಯಮ್ಮನವರು ವಿಚಾರಿಸಿದರು.

"ಬರಿಗೈಲಿ ಓಗಿದ್ದೇನ್ಲಾ?"

"ಲೆಟರ್ ತಕೊಂಡ್ ಓಗಿದ್ನಲ್ಲವ್ವ."

"ಲೆಟ್ರು ಯಾವನ್ಗ್ ಬೇಕು. ವೀಳ್ಯ ಮಡಗಿ ಕೇಳ್ಬೇಕು ಕಣ್ಲಾ. ಅವ್ರು ಆಗಾಕಿಲ್ಲ ಅಂದ್ರೂವೆ, ಕೇಳ್ದಂಗಾಯ್ತದೆ."

ಸರ್ ಎಲೆ ಅಡಿಕೆ ಹಿಡಿದು ಮತ್ತೆ ಹೋದರು. ಮಹದೇವು ವೀಳ್ಯ ಎತ್ತಿಕೊಂಡು ಒಳಗೆ ಕರೆದರು, ಬಣ್ಣ ಅರೆಯುವುದರಿಂದ ಹಿಡಿದು ಮೀಸೆ ಬರೆಯುವವರೆಗೆ ಎಲ್ಲವನ್ನೂ ತೋರಿಸಿದರು. ಕಣ್ಣು ಬರೆಯುವ ಹೊತ್ತಿಗೆ ಮಾತ್ರ ಎದ್ದು ಆಚೆ ಹೋಗಲು ಹೇಳಿದರು. ಸರ್ ಎದ್ದು ಆಚೆ ಹೋದರು. ಅವರ ಮಹಾಪ್ರಬಂಧದಲ್ಲಿ ಕಣ್ಣು ಬರೆಯುವ ಚಿತ್ರವಿಲ್ಲ, ಆದರೆ ಮಹದೇವು ಅವರ ಹೆಸರು ಮೊದಲ ಪುಟದಲ್ಲೇ ಇದೆ. ಪರೀಕ್ಷಕರೊಬ್ಬರು ಇದೇಕೆ ಬಿಟ್ಟುಹೋಗಿದೆಯೆಂದು ಕೇಳಿದಾಗ, ನಾನು ನೋಡಿಲ್ಲ ಎಂದು ಉತ್ತರಿಸಿ ಪದವಿ ಪಡೆದವರು ನನಗೆ ತಿಳಿದಂತೆ ಇವರೊಬ್ಬರೇ.

ಮಳವಳ್ಳಿಯಲ್ಲಿ ಕೆಲವು ವರ್ಷ ಪಾಠ ಹೇಳಿ ಸರ್ ಮಂಡ್ಯಕ್ಕೆ ಬಂದ ಕಾಲದಲ್ಲಿ ನಾನು ಅವರ ವಿದ್ಯಾರ್ಥಿನಿಯಾದೆ. ನನ್ನ ಊರು ಗೆಜ್ಜಲಗೆರೆ. ಅಪ್ಪ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಚಿತ್ರ ಬಿಡಿಸುವುದರಲ್ಲಿ ನಾನು ಅಷ್ಟಕ್ಕಷ್ಟೆ. ಆದರೆ ಸರ್ ಪಾಠ ಕೇಳಿದ ಮೇಲೆ ಕಲಾಚರಿತ್ರೆಯನ್ನೇ ಮುಂದೆ ಓದುತ್ತೇನೆಂದು ಹಟ ಹಿಡಿದೆ. ಮನೆಯಲ್ಲಿ ರಣರಂಗ. ಒಂದು ಭಾನುವಾರ ಯಾರೂ ಕರೆಯದೆಯೇ ಸರ್ ತಮ್ಮ ಮೊಪೆಡ್ಡಿನಲ್ಲಿ ನಮ್ಮ ಮನೆಗೆ ಬಂದಿಳಿದರು. ನನ್ನ ಅವ್ವ ಬೆಟ್ಟಮ್ಮ ಕಾಫಿ ಲೋಟ ಕೊಟ್ಟವಳೇ ವಿಚಾರಣೆ ಶುರುಮಾಡಿದಳು.

"ಬರೆಯಾಕೇ ಬರಾಕಿಲ್ಲ ಇವ್ಳಿಗೆ. ಇನ್ನೇನ್ ಕಲ್ತಾಳು ಸಾ?"

"ನೋಡಾದ್ನ ಕಲೀತಾಳೆ ಕಣಮ್ಮ."

"ನೋಡಾಕೂ ಕಾಲೇಜ್ಗೋಯ್ತಾರಾ?"

"ಎತ್ತು ಯಾಪಾರಕ್ಕೆ ಓದ್ರೆ ಎಲ್ರೂ ಎತ್ತು ನೋಡ್ತಾರೆ. ಸುಳಿ ನೋಡಾಕೆ ಎಲ್ರಿಗೂ ಬತ್ತದಾ?"

ಅವ್ವ ಲೋಟಕ್ಕೆ ಇನ್ನಷ್ಟು ಕಾಫಿ ಹಾಕಿದಳು. ನನ್ನ ಓದು ಆ ಎರಡನೆಯ ಲೋಟದಲ್ಲಿ ತೀರ್ಮಾನವಾಯಿತು. ಇವತ್ತು ನಾನು ಅದೇ ಕಾಲೇಜಿನಲ್ಲಿ ಅದೇ ವಿಷಯವನ್ನು ಪಾಠ ಹೇಳುತ್ತಿರುವುದಕ್ಕೆ ಕಾರಣ ಅವರೇ ಎಂಬುದನ್ನು ಬಿಂಕವಿಲ್ಲದೆ ಹೇಳುತ್ತೇನೆ.

ಅವರ ತರಗತಿಗೆ ಗೋಡೆಗಳಿರಲಿಲ್ಲ. ವೈದ್ಯನಾಥಪುರದ ದೇಗುಲಕ್ಕೆ ನಮ್ಮನ್ನು ಬಸ್ಸಿನಲ್ಲಿ ಕರೆದೊಯ್ದು, ಕಂಬಗಳ ಮುಂದೆ ಕೂರಿಸಿ, ಇದನ್ನು ಕಟ್ಟಿಸಿದವರು ಯಾರೆಂದು ಪುಸ್ತಕದಲ್ಲಿದೆ, ಕೆತ್ತಿದವರು ಯಾರು ಹೇಳಿ ಎಂದು ಕೇಳುತ್ತಿದ್ದರು. ಆಸ್ಟ್ರೇಲಿಯಾದ ಕಲೆಯ ಬಗ್ಗೆ ಪುಸ್ತಕ ಬರೆದ ಸಂಶೋಧಕರನ್ನು ಅವರು ಎರಡು ಗುಂಪು ಮಾಡುತ್ತಿದ್ದರು: ಕುರ್ಚಿ ಹಾಕಿಸಿಕೊಂಡು ಬರೆದವರು, ನೆಲದ ಮೇಲೆ ಕೂತು ಬರೆದವರು. ಮೊದಲನೆಯವರು ಅಲ್ಲಿನ ಮೂಲನಿವಾಸಿಗಳ ಚಿತ್ರಗಳನ್ನು ಕೊಡಲಿ ಈಟಿಗಳ ಪಕ್ಕದಲ್ಲಿಟ್ಟು ಪರಿಶಿಷ್ಟಕ್ಕೆ ತಳ್ಳಿದರು. ಎರಡನೆಯವರು ತೀರ ಈಚಿನವರು. ಚಿತ್ರಕಾರರ ಜೊತೆ ಮರಳಿನ ಮೇಲೆ ಕೂತು, ಯಾವ ಗೆರೆ ಯಾರ ನೆಲದ್ದು, ಯಾವ ಚುಕ್ಕಿಯನ್ನು ಯಾರು ಇಡಬಹುದು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದರು. ಮಂಡ್ಯದಲ್ಲಿ ಕೂತು ಈ ಎರಡೂ ಬಗೆಯ ಪುಸ್ತಕಗಳನ್ನು ತರಿಸಿಕೊಂಡು ಓದುತ್ತಿದ್ದ ಸರ್, ತಾವು ಮೂರನೆಯ ಗುಂಪು, ಸ್ಟೂಲಿನ ಮೇಲೆ ಕೂತವರು ಎಂದು ನಗುತ್ತಿದ್ದರು.

ಹೀಗೆ ಸ್ಟೂಲಿನ ಮೇಲೆ ಕೂತೇ ಅವರು ಬರೆದ ಪುಸ್ತಕ 'ಕೆಮ್ಮಣ್ಣಿನ ಖಂಡ'. ಹಡಗಿನಿಂದ ಶುರುವಾಗದೆ ಬಂಡೆಚಿತ್ರಗಳಿಂದ ಶುರುವಾಗುವ ಈ ಚರಿತ್ರೆಯ ಜೀವ ಇರುವುದು ಏಳನೆಯ ಅಧ್ಯಾಯದಲ್ಲಿ. ಮಧ್ಯ ಮರುಭೂಮಿಯ ಒಬ್ಬ ಚಿತ್ರಕಾರರ ನಾಲ್ಕು ಚಿತ್ರಗಳನ್ನು ಮುಂದಿಟ್ಟುಕೊಂಡು ಬರೆದ ಅಧ್ಯಾಯ ಅದು. ನಾಲ್ಕನೆಯ ಚಿತ್ರವೇ ಮುಖಪುಟಕ್ಕೂ ಬರಬೇಕಾಗಿತ್ತು. ಚಿತ್ರಗಳನ್ನು ಇಟ್ಟುಕೊಂಡಿದ್ದ ವಸ್ತುಸಂಗ್ರಹಾಲಯದಿಂದ ಅಚ್ಚಿನ ಅನುಮತಿ ಬಂತು. ಮಂಡ್ಯದ ಪ್ರಕಾಶಕರಾದ ರಘುನಂದನ್ ಅವರು ಕೈ ಉಜ್ಜಿಕೊಂಡು ಸಿದ್ಧರಾದರು. ಅಷ್ಟರಲ್ಲಿ ಸರ್ ತಡೆದರು. ಆ ಚಿತ್ರಕಾರರು ಇತ್ತೀಚೆಗೆ ತೀರಿಕೊಂಡಿದ್ದರು. ಅವರ ಮನೆಯವರನ್ನು ಕೇಳದೆ ಅಚ್ಚು ಹಾಕುವುದಿಲ್ಲವೆಂದರು.

"ಮ್ಯೂಸಿಯಮ್ಮೇ ಒಪ್ಪಿದೆಯಲ್ಲ ಸಾರ್. ಮಂಡ್ಯದಲ್ಲಿ ಅಚ್ಚಾದ ಕನ್ನಡ ಪುಸ್ತಕವನ್ನ ಆ ಮರುಭೂಮಿಯಲ್ಲಿ ಯಾರು ತೆಗೆದು ನೋಡ್ತಾರೆ?" ಎಂದು ರಘುನಂದನ್ ಕೇಳಿದ್ದು ನ್ಯಾಯವಾಗಿಯೇ ಇತ್ತು.

"ಅವ್ರು ನೋಡಲ್ಲ. ನಾನು ನೋಡ್ತೀನಲ್ಲ" ಎಂದರು ಸರ್.

ಅನುಮತಿ ಕೇಳುವ ವಿಷಯ ಮನೆಯಲ್ಲಿ ಪ್ರಸ್ತಾಪವಾದಾಗ ಮರಿತಾಯಮ್ಮನವರು ತಮ್ಮ ಹಳೆಯ ಪ್ರಶ್ನೆಯನ್ನೇ ಕೇಳಿದರಂತೆ. ಸರ್ ಹಿಂದುಮುಂದು ನೋಡಲಿಲ್ಲ. ಚಿಗುರು ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಾಳೆಪಟ್ಟೆಯಲ್ಲಿ ಕಟ್ಟಿ, ಅಡಿಕೆ ಇಟ್ಟು, ವಿನಯವಾದ ಒಂದು ಇಂಗ್ಲಿಷ್ ಪತ್ರದೊಡನೆ ಆ ಚಿತ್ರಕಾರರ ಊರಿನ ಕಲಾಕೇಂದ್ರದ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದರು. ಒಳಗೇನಿದೆಯೆಂದು ಬರೆಯಬೇಕಾದ ಜಾಗದಲ್ಲಿ 'ಎಲೆ, ಅಡಿಕೆ. ಮರ್ಯಾದೆಗಾಗಿ' ಎಂದು ಇಂಗ್ಲಿಷಿನಲ್ಲಿ ಬರೆದರು. ಹೊರಗಿನ ಒಂದು ಬೀಜವನ್ನೂ ಒಳಗೆ ಬಿಡದ ದೇಶ ಆಸ್ಟ್ರೇಲಿಯಾ ಎಂಬುದನ್ನು, ಆ ದೇಶದ ಸಸ್ಯವರ್ಗವನ್ನು ಚಿತ್ರಗಳಲ್ಲಿ ಅಷ್ಟೊಂದು ಅಧ್ಯಯನ ಮಾಡಿದ ಈ ವಿದ್ವಾಂಸರು ಯೋಚಿಸಿರಲಿಲ್ಲ. ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲವೆನ್ನಿ. ಸ್ವಲ್ಪ ದಿನಕ್ಕೆ ಅಲ್ಲಿನ ಸರ್ಕಾರದ ಕಾಗದ ಬಂತು: ಸಸ್ಯಪದಾರ್ಥವನ್ನು ವಶಪಡಿಸಿಕೊಂಡು ನಾಶ ಮಾಡಲಾಗಿದೆ, ಮತ್ತೆ ಹೀಗೆ ಮಾಡಕೂಡದು. ಸ್ಟಾಫ್ ರೂಮಿನಲ್ಲಿ ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಮಂಡ್ಯದ ಮರ್ಯಾದೆಯನ್ನು ಆಸ್ಟ್ರೇಲಿಯಾದವರು ಸುಟ್ಟರು ಎಂದು ಯಾರೋ ಕಪ್ಪುಹಲಗೆಯ ಮೇಲೆ ಬರೆದರು. ಸರ್ ಅದನ್ನು ಅಳಿಸದೆ ಅದರ ಪಕ್ಕದಲ್ಲೇ ಪಾಠ ಮಾಡಿದರು.

ಪತ್ರ ಮಾತ್ರ ಸುಡಲಿಲ್ಲ. 'ಜೊತೆಗಿದ್ದ ಎಲೆಗಳನ್ನು ತೆಗೆಯಲಾಗಿದೆ' ಎಂಬ ಮುದ್ರೆಯೊಡನೆ ಅದು ಕಲಾಕೇಂದ್ರವನ್ನು ಮುಟ್ಟಿತು. ಅನುಮತಿ ಕೇಳುವ ಪತ್ರಗಳು ಅಲ್ಲಿಗೆ ಬರುತ್ತಲೇ ಇರುತ್ತವಂತೆ, ಎಲ್ಲಕ್ಕೂ ಉತ್ತರಿಸುವವರು ಯಾರೂ ಇಲ್ಲ. ಆದರೆ ಎಲೆಗಳನ್ನು ಕಳಿಸಿದವರು ಹಿಂದೆ ಯಾರೂ ಇರಲಿಲ್ಲ. ಯಾವ ಎಲೆ, ಯಾಕೆ ಎಂಬ ಕುತೂಹಲಕ್ಕೆ ತೀರಿಕೊಂಡ ಚಿತ್ರಕಾರರ ಮಗಳು ಡೋರೀನ್ ಅವರು ಸರ್‌ಗೆ ವೀಡಿಯೊ ಕರೆ ಮಾಡಿದರು. ಆ ದಿನ ನಾನೂ ಕೊಪ್ಪದಲ್ಲಿದ್ದೆ. ಸರ್ ವಿವರಿಸಲು ಪರದಾಡುತ್ತಿದ್ದಾಗ ಮರಿತಾಯಮ್ಮನವರು ಎಲೆ ತಟ್ಟೆಯೊಡನೆ ಫೋನಿನ ಮುಂದೆ ಬಂದು ಕೂತು, ಎಲೆಗೆ ಸುಣ್ಣ ಸವರುತ್ತ, ನೇರವಾಗಿ ಕನ್ನಡದಲ್ಲೇ ಮಾತಿಗಿಳಿದರು.

"ನೋಡವ್ವ, ನಿಮ್ಮಪ್ಪ ಬರ್ದಿರಾದ್ನ ನನ್ನ ಮಗ ಪುಸ್ತಕಕ್ಕೆ ಆಕ್ಬೇಕಂತೆ. ಆಕ್ಲೋ ಬ್ಯಾಡ್ವೋ, ಬಾಯ್ಬುಟ್ಟು ಏಳ್ಬುಡು. ಬ್ಯಾಡ ಅಂದ್ರೆ ನಾವೇನ್ ಮುನ್ಸ್ಕಳಾಕಿಲ್ಲ."

ಸರ್ ಇದನ್ನು ಅನುವಾದಿಸಿದರು. ಡೋರೀನ್ ಬಹಳ ಹೊತ್ತು ನಕ್ಕರು. ಆಮೇಲೆ, ತಾನೊಬ್ಬಳೇ ಹೇಳಲಾಗದು, ಸೋದರತ್ತೆಯರನ್ನು ಕೇಳಬೇಕು ಎಂದರು. "ಅತ್ತೇರ್ನ ಕೇಳ್ದೆ ಎಂಗಾದದು, ಕೇಳ್ಲಿ ಬುಡು" ಎಂದು ಮರಿತಾಯಮ್ಮನವರು ಅಲ್ಲೇ ಒಪ್ಪಿಗೆ ಕೊಟ್ಟು ಎಲೆ ಬಾಯಿಗಿಟ್ಟುಕೊಂಡರು.

ಅತ್ತೆಯರ ಉತ್ತರಕ್ಕೆ ವರ್ಷವೇ ಹಿಡಿಯಿತು. ತಾಳ್ಮೆಗೆಟ್ಟ ರಘುನಂದನ್, ಹೇಗೂ ಒಪ್ಪಿಯೇ ಒಪ್ಪುತ್ತಾರೆಂದು, ಸರ್‌ಗೆ ತಿಳಿಸದೆ ಮುಖಪುಟವನ್ನು ಅಚ್ಚು ಹಾಕಿಸಿ ಕಟ್ಟು ಕಟ್ಟಿ ಇಟ್ಟುಬಿಟ್ಟರು. ಆಮೇಲೆ ಉತ್ತರ ಬಂತು. ಮೂರು ಚಿತ್ರಗಳನ್ನು ಹಾಕಬಹುದು. ನಾಲ್ಕನೆಯದು ಬೇಡ; ಅದು ಅತ್ತೆಯರ ನೆಲದ ಕಥೆ, ಹೊರಗಿನವರಿಗೆ ತೋರಿಸುವಂಥದಲ್ಲ, ಅದು ಮನೆ ಬಿಟ್ಟು ಹೋಗಲೇಬಾರದಿತ್ತು. ಮತ್ತೊಂದು: ಅವರ ಕುಟುಂಬದಲ್ಲಿ ಸತ್ತವರ ಹೆಸರನ್ನು ದುಃಖದ ಕಾಲ ಮುಗಿಯುವವರೆಗೆ ಯಾರೂ ಆಡುವುದಿಲ್ಲ, ಆದ್ದರಿಂದ ಚಿತ್ರಕಾರರ ಹೆಸರು ಸದ್ಯ ಅಚ್ಚಾಗುವುದು ಬೇಡ.

ಮೊದಲನೆಯದನ್ನು ಸರ್ ತಕ್ಷಣ ಒಪ್ಪಿದರು. ಮಹದೇವು ಅವರ ಮನೆಯಲ್ಲಿ ಎದ್ದು ಆಚೆ ಹೋದವರಿಗೆ ಅದು ಕಷ್ಟವಾಗಲಿಲ್ಲ. ಎರಡನೆಯದು ಅವರ ಎದೆಗೆ ತಟ್ಟಿತು. 'ಅನಾಮಿಕ' ಎಂಬ ಒಂದು ಪದದ ಮೇಲಿನ ಸಿಟ್ಟಿನಿಂದ ಅರ್ಧ ಆಯುಷ್ಯ ದುಡಿದವರು, ಈಗ ತಾವೇ ಹೆಸರಿಲ್ಲದ ಚಿತ್ರಗಳನ್ನು ಅಚ್ಚು ಹಾಕಬೇಕಾಗಿತ್ತು. ಅಂದು ಅವರು ಪುಸ್ತಕವೇ ಬೇಡವೆಂದುಬಿಡುತ್ತಾರೋ ಎಂದು ನನಗೆ ದಿಗಿಲಾಗಿತ್ತು. ಮರುದಿನ ಪ್ರೆಸ್ಸಿಗೆ ಬಂದು, ಅಚ್ಚಾದ ಮುಖಪುಟಗಳನ್ನೆಲ್ಲ ತಮ್ಮೆದುರಿಗೇ ಕತ್ತರಿಸಿ ಹಾಕಿಸಿ, ಬರಿಯ ಕೆಮ್ಮಣ್ಣಿನ ಬಣ್ಣದ ರಟ್ಟು ಸಾಕೆಂದರು. ನಾಲ್ಕನೆಯ ಚಿತ್ರದ ಪುಟದಲ್ಲಿ ಖಾಲಿ ಚೌಕಟ್ಟು. ಉಳಿದ ಮೂರರ ಕೆಳಗೆ 'ಬರೆದವರ ಹೆಸರು ಅವರ ಮನೆಯವರ ಬಳಿ ಇದೆ' ಎಂಬ ಸಾಲು, ಅದರ ಮುಂದೆ ಒಂದಿಷ್ಟು ಖಾಲಿ ಜಾಗ. ರಘುನಂದನ್ ಮೂರು ದಿನ ಮುನಿಸಿಕೊಂಡಿದ್ದು ಆಮೇಲೆ ಎಲ್ಲವನ್ನೂ ಹಾಗೆಯೇ ಮಾಡಿಕೊಟ್ಟರು. ಅವರ ದೊಡ್ಡತನವನ್ನೂ ಇಲ್ಲಿ ನೆನೆಯಬೇಕು.

ಪುಸ್ತಕ ಬಂದ ಮೇಲೆ ಮಳವಳ್ಳಿಯ ಪುಸ್ತಕದಂಗಡಿಯ ಸಿದ್ದರಾಜು ಅವರಿಂದ ಫೋನು ಬಂತು. "ಸಾ, ಒಂದ್ ಪುಟ್ದಾಗೆ ಚಿತ್ರ ಒತ್ತೇ ಇಲ್ವಂತೆ, ಬುಕ್ಕು ವಾಪಸ್ ತಂದವ್ರೆ." ಸರ್ ಸಾವಧಾನವಾಗಿ ಹೇಳಿದರು: "ಒತ್ತಂಗಿಲ್ಲ ಕಣಪ್ಪ. ಅಂಗಂತ ಓದ್ಕೊಂಡು ಏಳು ಅವ್ರಿಗೆ, ಪಕ್ಕದ ಪುಟ್ದಲ್ಲೇ ಅದೆ." ವಾಪಸು ತಂದವರು ಓದಿ, ಪುಸ್ತಕವನ್ನು ಮತ್ತೆ ತೆಗೆದುಕೊಂಡು ಹೋದರಂತೆ.

ಕೆಲವು ವರ್ಷ ಕಳೆದವು. ಹೋದ ವರ್ಷ ಡೋರೀನ್ ಅವರಿಂದ ಎರಡು ಸಾಲಿನ ಮೇಲ್ ಬಂತು: ನಮ್ಮ ದುಃಖದ ಕಾಲ ಮುಗಿಯಿತು, ಅಪ್ಪನ ಹೆಸರನ್ನು ಈಗ ಆಡಬಹುದು, ಬರೆಯಬಹುದು. ಎರಡನೆಯ ಮುದ್ರಣದವರೆಗೆ ಕಾಯೋಣವೆಂದು ನಾನಂದೆ. ಸರ್ ಕೇಳಲಿಲ್ಲ. ಇಂಕ್ ಪೆನ್ನು ಜೇಬಿಗಿಟ್ಟುಕೊಂಡು, ನನ್ನನ್ನೂ ಎಳೆದುಕೊಂಡು, ಮಂಡ್ಯ, ಮದ್ದೂರು, ಮಳವಳ್ಳಿಯ ಗ್ರಂಥಾಲಯಗಳಿಗೆ ಹೊರಟರು. ಒಂದು ಗ್ರಂಥಾಲಯದಲ್ಲಿ ಕುಸುಮ ಎಂಬ ಗ್ರಂಥಪಾಲಕಿ ತಡೆದರು.

"ಸಾರ್, ಪುಸ್ತಕದ ಮೇಲೆ ಗೀಚಬಾರ್ದು."

"ಇದು ನಾನೇ ಬರ್ದಿರೋ ಪುಸ್ತಕ ಕಣಮ್ಮ."

"ಯಾರ್ ಬರ್ದಿದ್ರೂ ಅಷ್ಟೆ ಸಾರ್. ಇಲ್ಲಿಗೆ ಬಂದ್ಮೇಲೆ ಲೈಬ್ರರಿದು."

ಸರ್ ಪೆನ್ನು ಕೆಳಗಿಟ್ಟು, ಈಕೆ ಹೇಳುವುದು ಸರಿ, ಕೇಳಿಯೇ ಬರೆಯಬೇಕು ಎಂದು, ಇಡೀ ಕಥೆಯನ್ನು ಮೊದಲಿಂದ ಹೇಳಿ ಅಪ್ಪಣೆ ಕೇಳಿದರು. ಕುಸುಮ ಅವರು ಕಣ್ಣೊರೆಸಿಕೊಂಡು ಪುಸ್ತಕವನ್ನು ತಾವೇ ಬಿಚ್ಚಿ ಹಿಡಿದರು. ಅಲ್ಲಿ ಸರ್ ತಮ್ಮ ಮುದ್ದಾದ ಅಕ್ಷರದಲ್ಲಿ ಬರೆದ ಹೆಸರು: ಆರ್ಚಿ ಫಿಂಚ್.

ಈಗ ಈ ಅಭಿನಂದನ ಗ್ರಂಥದ ವಿಷಯ. ಸರ್ ನಿವೃತ್ತರಾಗುತ್ತಾರೆಂದು ತಿಳಿದು ಸಮಿತಿ ಮಾಡಿಕೊಂಡು ಹೋದ ನಮ್ಮನ್ನು ಅವರು ಎರಡು ಸಲ ಹಿಂದಕ್ಕೆ ಕಳಿಸಿದರು. ಮೂರನೆಯ ಸಲ ನಾವು ಎಲೆ ಅಡಿಕೆ ಹಿಡಿದು ಹೋದೆವು. ತಟ್ಟೆಯನ್ನು ನೋಡಿದ್ದೇ ಒಳಗಿನಿಂದ ಮರಿತಾಯಮ್ಮನವರು, "ಈಗ ಬುದ್ಧಿ ಬಂತು ಇವ್ರಿಗೆ" ಎಂದರು. ಸರ್ ಸೋತರು, ಆದರೆ ಒಂದು ಷರತ್ತು ಹಾಕಿ: ಗ್ರಂಥದಲ್ಲಿ ಅಚ್ಚಾಗುವ ಪ್ರತಿಯೊಂದು ಫೋಟೋದಲ್ಲಿಯೂ ಇರುವ ಪ್ರತಿಯೊಬ್ಬರ ಹೆಸರೂ ಇರಬೇಕು, 'ಮತ್ತಿತರರು' ಎಂಬ ಪದ ಎಲ್ಲಿಯೂ ಕಾಣಕೂಡದು. ಆ ಷರತ್ತು ನಮ್ಮನ್ನು ಮೂರು ತಾಲ್ಲೂಕು ಅಲೆಸಿತು. ಕ್ಯಾಂಟೀನಿನಲ್ಲಿ ಟೀ ಕೊಡುತ್ತಿದ್ದವರು, ಪ್ರವಾಸದ ಬಸ್ಸಿನ ಡ್ರೈವರು, ಎಲ್ಲರೂ ಸಿಕ್ಕರು, ಎಲ್ಲರನ್ನೂ ಕೇಳಿಯೇ ಹೆಸರು ಹಾಕಿದ್ದೇವೆ. ಒಬ್ಬರು ಮಾತ್ರ ಸಿಕ್ಕಿಲ್ಲ. ವೈದ್ಯನಾಥಪುರದ ಪ್ರವಾಸದ ಫೋಟೋದಲ್ಲಿ, ನಮ್ಮ ತರಗತಿಯ ಅಂಚಿನಲ್ಲಿ, ಹೂವಿನ ಬುಟ್ಟಿ ಹಿಡಿದು ನಗುತ್ತ ನಿಂತ ಹೆಂಗಸು. ಗ್ರಂಥ ಅಚ್ಚಿಗೆ ಹೋಗುವ ಹೊತ್ತಾಯಿತೆಂದು ನಾನು ಅಲವತ್ತುಕೊಂಡಾಗ ಸರ್ ಹೇಳಿದರು: "ಜಾಗ ಬುಟ್ಟು ಅಚ್ಚಾಕ್ಸು. ಇನ್ಮೇಲೆ ನಂಗೇನ್ ಕೆಲ್ಸ, ಉಡುಕ್ತೀನಿ."

ಹುಡುಕುವುದೇನು ಅದೊಂದೇ ಅಲ್ಲವೆಂದು ನನಗೆ ಗೊತ್ತು. ಕಬ್ಬಿನ ಸಾಲಿನಲ್ಲಿ ಸಿಕ್ಕಿದ ಆ ಹಳೆಯ ಪುಸ್ತಕ ಇನ್ನೂ ಅದೇ ಗ್ರಂಥಾಲಯದಲ್ಲಿದೆ, ಅದರ ಕಡೆಯ ಪುಟದ ಮೀನಿನ ಕೆಳಗೆ ಆ ಪದ ಹಾಗೆಯೇ ಇದೆ. ಆ ತೊಗಟೆ ಯಾವ ತೀರದ್ದು, ಆ ಬಗೆಯ ಮುಳ್ಳು ಬರೆಯುವ ಹಕ್ಕು ಯಾವ ಮನೆಯವರದು ಎಂದು ಸರ್ ಈಗಾಗಲೇ ಡೋರೀನ್ ಅವರ ಮೂಲಕ ವಿಚಾರಿಸಲು ಶುರುಮಾಡಿದ್ದಾರೆ. ಎಲೆ ಕಳಿಸುವಂತಿಲ್ಲವಾದ್ದರಿಂದ ಈ ಸಲ ಮರಿತಾಯಮ್ಮನವರೇ ತಟ್ಟೆ ಹಿಡಿದು ಫೋನಿನ ಮುಂದೆ ಕೂರುವುದೆಂದು ತೀರ್ಮಾನವಾಗಿದೆ. ನಮ್ಮ ಗುರುಗಳಿಗೂ ಅವರ ತಾಯಿಯವರಿಗೂ ಆರೋಗ್ಯ, ಆಯುಷ್ಯ ಎರಡೂ ತುಂಬಿ ಬರಲಿ. ಹೂವಿನ ಬುಟ್ಟಿಯವರ ಹೆಸರೂ ಮೀನು ಬರೆದವರ ಹೆಸರೂ ಸಿಗುವಷ್ಟು ಕಾಲ ಅವರು ನಮ್ಮ ನಡುವೆ ಗಟ್ಟಿಯಾಗಿರಲಿ, ಸಿಕ್ಕ ಮೇಲೂ ಇರಲಿ. ಅಲ್ಲಿಯವರೆಗೆ ಈ ಗ್ರಂಥದ ಆ ಫೋಟೋದ ಕೆಳಗೆ ಒಂದು ಹೆಸರಿನಷ್ಟು ಜಾಗ ಬಿಟ್ಟಿದ್ದೇವೆ. ನಿಮಗೆ ಆ ತಾಯಿಯ ಗುರುತಿದ್ದರೆ ಮೊದಲು ಅವರನ್ನು ಕೇಳಿ, ಒಪ್ಪಿದರೆ ನಿಮ್ಮ ಕೈಯಿಂದಲೇ ಬರೆಯಿರಿ.